ತುಳು ಚಿತ್ರರಂಗ: ನಡೆದ ದಾರಿ, ಮುಂದಿನ ದಾರಿ

ಕನ್ನಡ ಚಿತ್ರರಂಗದ ಕಥೆ ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದದ್ದೇ. 1934ರ ‘ಸತಿ ಸುಲೋಚನಾ’ದಿಂದ ಹಿಡಿದು ಅದರ ಹೆಜ್ಜೆಗಳನ್ನು ಬಾಯಿಪಾಠವಾಗಿ ಹೇಳಬಲ್ಲವರು ನಮ್ಮ ಸಂಘದಲ್ಲಿದ್ದಾರೆ. ಆದರೆ ಅದೇ ಕರ್ನಾಟಕದ ಕರಾವಳಿಯಲ್ಲಿ ಇನ್ನೊಂದು ಪುಟ್ಟ ಚಿತ್ರರಂಗ ಅರ್ಧ ಶತಮಾನ ದಾಟಿ ಬಾಳಿದೆ ಎಂಬುದು, ತುಳು ಮನೆಮಾತಿನ ಸದಸ್ಯರನ್ನು ಬಿಟ್ಟರೆ, ಅನೇಕರ ಗಮನಕ್ಕೆ ಬಂದಿರಲಾರದು.

ಮೊದಲ ತುಳು ಚಿತ್ರ ಎಸ್.ಆರ್. ರಾಜನ್ ನಿರ್ದೇಶನದ ‘ಎನ್ನ ತಂಗಡಿ’. ತೆರೆ ಕಂಡದ್ದು 1971ರಲ್ಲಿ. ಅದೇ ವರ್ಷ ಆರೂರು ಪಟ್ಟಾಭಿಯವರ ‘ದಾರೆದ ಬುಡೆದಿ’ ಬಂತು. ದಕ್ಷಿಣದ ಲ್ಯಾಬೊರೇಟರಿಗಳು ಬಹುಪಾಲು ಮದರಾಸಿನಲ್ಲಿದ್ದ ಕಾಲವದು. ನೋಡುಗರೋ ಅವಿಭಜಿತ ದಕ್ಷಿಣ ಕನ್ನಡ, ಕಾಸರಗೋಡು ಮತ್ತು ಮುಂಬಯಿಯ ತುಳುವರು ಮಾತ್ರ. ಇಷ್ಟು ಸಣ್ಣ ಮಾರುಕಟ್ಟೆಯನ್ನು ನಂಬಿ ಹಣ ಹೂಡಲು ಗಟ್ಟಿ ಎದೆಯೇ ಬೇಕಿತ್ತು.

ಆ ಧೈರ್ಯಕ್ಕೆ ಬೆಂಬಲವಾದದ್ದು ತುಳು ರಂಗಭೂಮಿ. ನಾಟಕಕಾರ, ನಟ ಕೆ.ಎನ್. ಟೇಲರ್ ರಂಗದಿಂದ ಬಂದು ಮೊದಲ ದಶಕದ ತುಳು ಚಿತ್ರಗಳಿಗೆ ಮುಖವಾದರು. ಕಾದಂಬರಿಕಾರ ವಿಶುಕುಮಾರ್ 1973ರಲ್ಲಿ ಪಾಡ್ದನದ ವೀರರನ್ನು ‘ಕೋಟಿ ಚೆನ್ನಯ’ ಚಿತ್ರದಲ್ಲಿ ತೆರೆಗೆ ತಂದರು. 1978ರಲ್ಲಿ ‘ಕರಿಯಣಿ ಕಟ್ಟಂದಿ ಕಂಡನಿ’ ಮೂಲಕ ವರ್ಣವೂ ಬಂತು. 1994ರಲ್ಲಿ ರಿಚರ್ಡ್ ಕ್ಯಾಸ್ಟೆಲಿನೊ ‘ಸೆಪ್ಟೆಂಬರ್ 8’ ಚಿತ್ರವನ್ನು 24 ಗಂಟೆಗಳಲ್ಲಿ ಚಿತ್ರೀಕರಿಸಿದರು. ಆದರೂ ಮೊದಲ ನಲವತ್ತು ವರ್ಷಗಳಲ್ಲಿ ಚಿತ್ರಗಳ ಸಂಖ್ಯೆ ಐವತ್ತನ್ನು ಮುಟ್ಟಲಿಲ್ಲ.

ತಿರುವು ಬಂದದ್ದು 2011ರಲ್ಲಿ. ವಿಜಯಕುಮಾರ್ ಕೊಡಿಯಾಲ್‌ಬೈಲ್ ತಮ್ಮ ಜನಪ್ರಿಯ ನಾಟಕ ‘ಒರಿಯರ್ದೊರಿ ಅಸಲ್’ ಅನ್ನು ಸಿನಿಮಾ ಮಾಡಿದರು. ಅದು ನೂರು ದಿನ ದಾಟಿತು. 2014ರ ‘ಚಾಲಿಪೋಲಿಲು’ ಮಂಗಳೂರಿನಲ್ಲಿ ವರ್ಷಕ್ಕೂ ಮೀರಿ ಓಡಿತು. ಡಿಜಿಟಲ್ ಕ್ಯಾಮೆರಾ ಬಂದು ರೀಲು, ಪ್ರಿಂಟುಗಳ ಖರ್ಚು ಇಳಿದಿತ್ತು. ಗಲ್ಫಿನ ತುಳುವರಿಗಾಗಿ ಅಲ್ಲಿಯೂ ಪ್ರದರ್ಶನಗಳಾದವು. ಚಿತ್ರಗಳು ಸಾಲುಗಟ್ಟಿ ಬಂದು 2018ರಲ್ಲಿ ಸಂಖ್ಯೆ ನೂರಕ್ಕೇರಿತು.

ಈ ಸುಗ್ಗಿಯಲ್ಲೇ ತೊಡಕೂ ಇತ್ತು. ಒಂದು ಹಾಸ್ಯಚಿತ್ರ ಗೆದ್ದಿತೆಂದು ಅದೇ ಅಚ್ಚಿನ ಹತ್ತು ಚಿತ್ರಗಳು ಬಂದವು. ಅದೇ ನಟರು, ಅದೇ ನಗೆಮಾತು. ನೋಡುಗರೋ ಅಷ್ಟೇ ಮಂದಿ. 2011ರ ಜನಗಣತಿಯಂತೆ ತುಳು ಮಾತೃಭಾಷಿಕರು ಸುಮಾರು 18.46 ಲಕ್ಷ. ಒಂದೇ ತಿಂಗಳಲ್ಲಿ ಎರಡು ಮೂರು ಚಿತ್ರ ಬಂದರೆ ಒಂದು ಇನ್ನೊಂದರ ಗಳಿಕೆಯನ್ನು ತಿನ್ನದೆ ಇದ್ದೀತೆ? ಬೇರೆ ಬಗೆಯ ಪ್ರಯತ್ನಗಳು ಇರಲಿಲ್ಲವೆಂದಲ್ಲ. ಪಿ.ಎನ್. ರಾಮಚಂದ್ರ ಅವರ ‘ಸುದ್ದ’ 2006ರಲ್ಲಿ ದೆಹಲಿಯ ಓಸಿಯಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು. ಶೇಕ್ಸ್‌ಪಿಯರನ ಮ್ಯಾಕ್‌ಬೆತ್‌ನನ್ನು ಮಲ್ಪೆಯ ಮೀನುಗಾರರ ನಡುವೆ ತಂದ ಅಭಯ ಸಿಂಹರ ‘ಪಡ್ಡಾಯಿ’ಗೆ ರಾಷ್ಟ್ರಪ್ರಶಸ್ತಿ ಸಂದಿತು. ಆದರೆ ಇಂಥವುಗಳಿಗೆ ಚಿತ್ರಮಂದಿರದಲ್ಲಿ ಜಾಗ ಸಿಗುವುದು ಕಷ್ಟ. ಆ ಜಾಗವೇ ಕಿರಿದಾಗುತ್ತಿದೆ: ತುಳು ಚಿತ್ರಗಳ ನೆಲೆಯಾಗಿದ್ದ ಮಂಗಳೂರಿನ ಜ್ಯೋತಿ ಚಿತ್ರಮಂದಿರ ಕೊರೋನಾ ಕಾಲದಲ್ಲಿ ಮುಚ್ಚಿದ್ದು ಮತ್ತೆ ತೆರೆಯಲಿಲ್ಲ.

ಇದಕ್ಕಿಂತ ಚಿಂತೆಗೆ ಹಚ್ಚುವ ಸಂಗತಿ ಇನ್ನೊಂದಿದೆ. 2022ರಲ್ಲಿ ‘ಕಾಂತಾರ’ ಕರಾವಳಿಯ ಭೂತಾರಾಧನೆಯನ್ನು ದೇಶವಿದೇಶಗಳಿಗೆ ತೋರಿಸಿತು. ಅದು ಕನ್ನಡ ಚಿತ್ರ. ಕನ್ನಡಿಗರಾದ ನಮಗೆ ಹೆಮ್ಮೆಯೇ. ಆದರೆ ತುಳುನಾಡಿನ ದೈವದ ಕಥೆ ತುಳುವಿಗೆ ಬಂದದ್ದು ಅದೇ ವರ್ಷದ ಡಿಸೆಂಬರಿನಲ್ಲಿ, ಡಬ್ಬಿಂಗ್ ಆಗಿ! ದೊಡ್ಡ ಕಥೆಗೆ ದೊಡ್ಡ ಬಂಡವಾಳ ಬೇಕು, ಬಂಡವಾಳಕ್ಕೆ ದೊಡ್ಡ ಮಾರುಕಟ್ಟೆ ಬೇಕು. ಹೀಗಾಗಿ ಕರಾವಳಿಯ ಪ್ರತಿಭೆ ಕನ್ನಡದತ್ತ ನಡೆಯುವುದು ಸಹಜ. ಹಿಂದಿಯ ಎದುರು ಕನ್ನಡಕ್ಕೆ ಏನಾದೀತೆಂದು ಮರುಗುವ ನಾವು, ಕನ್ನಡದ ಮಗ್ಗುಲಲ್ಲಿ ತುಳುವಿನ ಪಾಡೇನೆಂದೂ ಕೇಳಿಕೊಳ್ಳಬೇಕಲ್ಲವೆ?

ತುಳು ಇನ್ನೂ ಸಂವಿಧಾನದ ಎಂಟನೆಯ ಪರಿಚ್ಛೇದವನ್ನು ಸೇರಿಲ್ಲ. ಸರ್ಕಾರದ ಸಹಾಯಧನದಿಂದ ಚಿತ್ರ ತಯಾರಾದೀತು, ಪ್ರೇಕ್ಷಕ ತಯಾರಾಗಲಾರ. ಸಾವಿರಾರು ಮೈಲು ದೂರದ ನಮ್ಮಂಥವರ ಒಂದು ಸಂಜೆ, ಒಂದು ಟಿಕೆಟ್ಟು ಆ ಪುಟ್ಟ ಲೆಕ್ಕದಲ್ಲಿ ದೊಡ್ಡ ಮೊತ್ತ. ಮುಂದೆ ನಮ್ಮೂರಿಗೆ ತುಳು ಚಿತ್ರವೊಂದು ಬಂದಾಗ, ಅದು ತುಳುವರ ಸಮಾರಂಭವೆಂದು ಉಳಿದವರು ಮನೆಯಲ್ಲಿ ಕೂರದಿರೋಣ. ಮಕ್ಕಳನ್ನೂ ಕರೆದೊಯ್ಯೋಣ. ಮಾತು ಅರ್ಥವಾಗದಲ್ಲಿ ಪಕ್ಕದ ಕುರ್ಚಿಯ ತುಳುವ ಮಿತ್ರರಿದ್ದೇ ಇರುತ್ತಾರೆ.