ಇಪ್ಪತ್ತಮೂರು ವರ್ಷಗಳ ಲೆಕ್ಕ: ಭೋಪಾಲದ ಅಂತರ್ಜಲ ಪರೀಕ್ಷೆಗಳ ಮರುಪರಿಶೀಲನೆ

ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ನೆಲದ ಬಗ್ಗೆ ಬರೆಯುವವರಲ್ಲಿ ಒಂದು ವಾದ ಬೇರೂರಿದೆ. ಕಾರ್ಖಾನೆಯ ಅಡಿಯಲ್ಲಿ ದಪ್ಪ ಜೇಡಿಮಣ್ಣಿನ ಪದರವಿದೆ, ಅದು ವಿಷವನ್ನು ತಡೆದು ನಿಲ್ಲಿಸಿದೆ, ಆದ್ದರಿಂದ ಸುತ್ತಲಿನ ಬಾವಿಗಳಲ್ಲಿ ಸಿಕ್ಕಿದ್ದು ಮೇಲಿನಿಂದ ಹರಿದು ಸೇರಿದ ಕೊಳೆಯಷ್ಟೇ ಎಂಬುದು ಆ ವಾದ. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯ (ನೀರಿ) 2010ರ ವರದಿ ಇದಕ್ಕೆ ಅಧಿಕೃತ ಮುದ್ರೆ ಒತ್ತಿತು. ಆದರೆ ವಾದದ ಬೇರು ಅದೇ ಸಂಸ್ಥೆಯ 1997ರ ಅಧ್ಯಯನದಲ್ಲಿದೆ. ನಿವೇಶನದ ಮಾಲಿನ್ಯ ಅಂತರ್ಜಲವನ್ನು ಮುಟ್ಟಲು 23 ವರ್ಷ ಬೇಕು ಎಂಬ ಅಂದಾಜು ಅಲ್ಲಿಯದು. ಈ ಸಂಖ್ಯೆಯನ್ನು ಉಲ್ಲೇಖಿಸಿದವರು ಅನೇಕರು, ಪರೀಕ್ಷಿಸಿದವರು ವಿರಳ.

ಮೊದಲು ಕಾಲಗಣನೆ. ಕಾರ್ಖಾನೆ ಶುರುವಾದದ್ದು 1969ರಲ್ಲಿ. ಕಸವನ್ನು ಆವರಣದೊಳಗೇ ಹೂಳುವ, ಗುಂಡಿಗಳಿಗೆ ಬಿಡುವ ರೂಢಿ ಅಂದಿನದೇ. 1969ಕ್ಕೆ 23 ಸೇರಿಸಿದರೆ 1992, ಅಂದರೆ ವರದಿ ಬರುವುದಕ್ಕೆ ಐದು ವರ್ಷ ಹಿಂದೆ. ಆವರಣದ ಹೊರಗಿನ ಆವಿಯಾಗಿಸುವ ಕೊಳಗಳು ಬಳಕೆಗೆ ಬಂದ 1977ರಿಂದ ಎಣಿಸಿದರೂ ಗಡುವು 2000ಕ್ಕೆ ಮುಗಿಯುತ್ತದೆ. ಆ ಸಂಖ್ಯೆಯನ್ನು ಪೂರ್ತಿ ಒಪ್ಪಿಕೊಂಡರೂ ಅದು ನೀರು ಶುದ್ಧವಾಗಿದೆ ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ. ವಿಷ ತಲುಪುವ ದಿನವನ್ನು ಮಾತ್ರ ಹೇಳುತ್ತದೆ. ಗಡುವನ್ನು ಅಭಯವೆಂದು ಓದಿದ್ದೇ ಈ ವಾದದ ಮೊದಲ ತಪ್ಪು.

ಎರಡನೆಯ ತಪ್ಪು ಇನ್ನೂ ಗಂಭೀರ. 1997ರಲ್ಲೇ ನೀರಿ ವರದಿಯನ್ನು ಪರಿಶೀಲಿಸಿದ ಆರ್ಥರ್ ಡಿ. ಲಿಟ್ಲ್ ಎಂಬ ಸಲಹಾಸಂಸ್ಥೆ, ಪರಿಸ್ಥಿತಿ ತೀರ ಪ್ರತಿಕೂಲವಾಗಿದ್ದರೆ 23 ವರ್ಷವಲ್ಲ, 2 ವರ್ಷವೇ ಸಾಕು ಎಂದು ಎಚ್ಚರಿಸಿತು. ಈ ಸಂಸ್ಥೆ ಹೋರಾಟಗಾರರ ಕಡೆಯದಲ್ಲ, ಕಂಪನಿಯ ಕಡೆಯದು. ತನ್ನನ್ನು ನೇಮಿಸಿದವರಿಗೆ ಅನುಕೂಲವಾದ ಅಂದಾಜನ್ನೇ ಅದು ಪ್ರಶ್ನಿಸಿದ್ದರಿಂದ ಆ ಮಾತಿನ ತೂಕ ಹೆಚ್ಚು. ಜೇಡಿಪದರದ ವಾದವನ್ನು ಎತ್ತಿಹಿಡಿಯುವವರು ಈ ಆಕರವನ್ನು ಬದಿಗಿಟ್ಟು ಮುಂದೆ ಹೋಗುವುದನ್ನು ಸಂಶೋಧನೆಯ ಶಿಸ್ತು ಎನ್ನಲಾಗದು.

ಒಂದೇ ನೆಲಕ್ಕೆ 23 ಮತ್ತು 2 ಎಂಬ ಎರಡು ಉತ್ತರಗಳು ಹೇಗೆ ಬರುತ್ತವೆ? ಇಂಥ ಲೆಕ್ಕಕ್ಕೆ ಪದರದ ದಪ್ಪ, ರಂಧ್ರಮಯತೆ, ನೀರಿನ ಒತ್ತಡದ ಇಳುಕಲು, ಪಾರಗಮ್ಯತೆ ಬೇಕು. ಮೊದಲ ಮೂರರಲ್ಲಿ ಅಂತರ ಅಷ್ಟಾಗಿ ಬರದು. ಪಾರಗಮ್ಯತೆ ಮಾತ್ರ, ಪ್ರಯೋಗಾಲಯದಲ್ಲಿ ಒತ್ತಿ ಕೂರಿಸಿದ ಮಣ್ಣಿನ ಉಂಡೆಗೂ ಬಯಲಿನ ನೆಲಕ್ಕೂ ನೂರಾರು ಪಟ್ಟು ಬೇರೆಯಾಗಬಲ್ಲದು. ಧಾರವಾಡ, ವಿಜಯಪುರದ ಎರೆಭೂಮಿಯಲ್ಲಿ ಬೇಸಾಯ ಮಾಡಿದವರಿಗೆ ಕಾರಣ ಗೊತ್ತು. ಮಳೆಗಾಲದಲ್ಲಿ ಉಬ್ಬಿ ಅಂಟಾಗುವ ಮಣ್ಣು ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಮೊದಲ ಮಳೆಯ ನೀರು ಮಣ್ಣಿನ ಕಣಗಳ ನಡುವೆ ಜಿನುಗದೆ ಬಿರುಕಿನಲ್ಲಿ ನೇರವಾಗಿ ಇಳಿಯುತ್ತದೆ. ಭೋಪಾಲದ ಮೇಲ್ಪದರವೂ ಇದೇ ಜಾತಿಯ ಕಪ್ಪು ಮಣ್ಣು. ಬಿರುಕು ಇಡೀ ಪದರದ ತಳದವರೆಗೆ ಹೋಗುವುದಿಲ್ಲ ಎಂಬ ಆಕ್ಷೇಪ ಸರಿಯೇ. ಆದರೆ ಸಾಂದ್ರ ಸಾವಯವ ದ್ರಾವಕ ತಾಗಿದ ಜೇಡಿ ಕುಗ್ಗಿ ಬಿರಿಯುತ್ತದೆ ಎಂಬುದು 1980ರ ದಶಕದ ಪ್ರಯೋಗಗಳಿಂದಲೇ ತಿಳಿದ ವಿಷಯ. ಸರಿಯಾಗಿ ಮುಚ್ಚದ ಒಂದೊಂದು ಕೊಳವೆಬಾವಿಯೂ ಪದರವನ್ನು ತೂರಿಹೋದ ದಾರಿ. ಇನ್ನು ಇಂಥದೇ ದ್ರಾವಕವಾದ ಕಾರ್ಬನ್ ಟೆಟ್ರಾಕ್ಲೋರೈಡಿನ ಸಾಂದ್ರತೆ ನೀರಿನ ಒಂದೂವರೆ ಪಟ್ಟಿಗೂ ಹೆಚ್ಚು. ಅದು ನೀರಿನ ಹರಿವಿಗೆ ಕಾಯದೆ ತನ್ನ ಭಾರಕ್ಕೇ ಕೆಳಗಿಳಿಯುತ್ತದೆ. ನೀರಿನ ವೇಗಕ್ಕೆ ಕಟ್ಟಿದ ಲೆಕ್ಕ ಇದಕ್ಕೆ ಅನ್ವಯಿಸುವುದೇ ಇಲ್ಲ.

ಮಾದರಿ ಸಂಗ್ರಹದ ಪ್ರಶ್ನೆಯೂ ಇಲ್ಲಿಗೇ ಬಂದು ಸೇರುತ್ತದೆ. ಇಂಥ ಹಾರುವ ರಾಸಾಯನಿಕವನ್ನು ಹಿಡಿಯಬೇಕಾದರೆ 40 ಮಿಲಿಲೀಟರಿನ ಗಾಜಿನ ಸೀಸೆಗೆ ನೀರನ್ನು ಕಲಕದಂತೆ, ಅಂಚಿನಲ್ಲಿ ಉಬ್ಬಿ ನಿಲ್ಲುವವರೆಗೆ ತುಂಬಬೇಕು. ಟೆಫ್ಲಾನ್ ಪದರದ ಮುಚ್ಚಳ ಬಿಗಿದು, ಸೀಸೆಯನ್ನು ತಲೆಕೆಳಗು ಮಾಡಿ ತಟ್ಟಿ, ಒಂದು ಗುಳ್ಳೆಯೂ ಇಲ್ಲವೆಂದು ನೋಡಬೇಕು. ಆಮೇಲೆ ತಂಪಿನಲ್ಲಿಟ್ಟು ಎರಡು ವಾರದೊಳಗೆ ಪರೀಕ್ಷಿಸಬೇಕು. ಪ್ಲಾಸ್ಟಿಕ್ ಕ್ಯಾನಿನಲ್ಲಿ ಅರ್ಧ ತುಂಬಿ ತಂದ ನೀರು ಪ್ರಯೋಗಾಲಯ ತಲುಪುವಷ್ಟರಲ್ಲಿ ತನ್ನ ಸಾಕ್ಷ್ಯವನ್ನು ಗಾಳಿಗೆ ಬಿಟ್ಟಿರುತ್ತದೆ. ಆದ್ದರಿಂದ ಯಾವುದೇ ವರದಿಯ ‘ಪತ್ತೆಯಾಗಿಲ್ಲ’ ಎಂಬ ಷರಾವನ್ನು, ಮಾದರಿ ತೆಗೆದ ವಿಧಾನ ಮತ್ತು ಪತ್ತೆಯ ಮಿತಿ ತಿಳಿಯದೆ ‘ಇಲ್ಲ’ ಎಂದು ಓದಬಾರದು.

1999ರಲ್ಲಿ ಗ್ರೀನ್‌ಪೀಸ್‌ನ ಎಕ್ಸೆಟರ್ ಪ್ರಯೋಗಾಲಯ ಒಂದು ಬಾವಿಯ ನೀರಿನಲ್ಲಿ ಲೀಟರಿಗೆ 3,410 ಮೈಕ್ರೊಗ್ರಾಂ ಕಾರ್ಬನ್ ಟೆಟ್ರಾಕ್ಲೋರೈಡ್ ಕಂಡಿತು. ವಿಶ್ವ ಆರೋಗ್ಯ ಸಂಸ್ಥೆಯ ಅಂದಿನ ಮಿತಿ 2. ಇದು ಚಳವಳಿಗಾರರ ಅಂಕಿ ಎಂದು ತಳ್ಳಿಹಾಕುವುದು ಸುಲಭ; ಆದರೆ ಅಷ್ಟೊಂದು ದ್ರಾವಕ ಮಳೆನೀರಿನೊಡನೆ ಮೇಲಿಂದ ಹರಿದು ಬಾವಿ ಸೇರುವವರೆಗೆ ಆವಿಯಾಗದೆ ಹೇಗೆ ಉಳಿಯಿತು ಎಂಬುದಕ್ಕೆ ಉತ್ತರ ಕೊಡಬೇಕಾದವರು ಹಾಗೆ ತಳ್ಳಿಹಾಕುವವರೇ. 2009ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಕಾರ್ಖಾನೆಯಿಂದ 3 ಕಿಲೋಮೀಟರ್ ದೂರದವರೆಗಿನ ನೀರಿನಲ್ಲಿ ಕಂಡದ್ದು ಆವರಣದೊಳಗಿನ ರಾಸಾಯನಿಕಗಳ ಗುರುತನ್ನೇ.

ನಮ್ಮ ಕಡೆಯವರ ಅತಿಓದನ್ನೂ ಇಲ್ಲಿ ತಿದ್ದಬೇಕು. 1989ರ ಕಂಪನಿಯ ಆಂತರಿಕ ಟಿಪ್ಪಣಿ ಅಮೆರಿಕದ ನ್ಯಾಯಾಲಯದ ಕಡತಗಳ ಮೂಲಕ ಹೊರಬಂತು. 9 ಘನ, 8 ದ್ರವ ಮಾದರಿಗಳ ಪರೀಕ್ಷೆಯಲ್ಲಿ ಮೀನುಗಳೆಲ್ಲ ಸತ್ತವೆಂದು ಅದು ಹೇಳುತ್ತದೆ. ಇದನ್ನು ಬಾವಿನೀರಿನ ಫಲಿತಾಂಶವೆಂಬಂತೆ ಉಲ್ಲೇಖಿಸುವುದು ತಪ್ಪು; ಮಾದರಿಗಳು ಹೂಳುಗುಂಡಿ ಮತ್ತು ತ್ಯಾಜ್ಯ ಸಂಸ್ಕರಣೆಯ ಹೊಂಡಗಳವು. ಅದು ಸಾಬೀತು ಮಾಡುವುದು ವಿಷದ ಮೂಲವನ್ನು, ಮತ್ತು ಆ ಮೂಲ ಎಂಥದೆಂದು ಕಂಪನಿಗೆ ಗೊತ್ತಿತ್ತು ಎಂಬುದನ್ನು. ಆವಿಯಾಗಿಸುವ ಕೊಳಗಳು ಸೋರುತ್ತಿವೆಯೆಂಬ ಕಂಪನಿಯದೇ 1982ರ ಟೆಲೆಕ್ಸ್ ಜೊತೆಗಿಟ್ಟು ಓದಿದರೆ ವಿಷ ಹೊರಟ ದಾರಿಯೂ ಕಾಣುತ್ತದೆ. ಆಕರ ಹೇಳುವುದಕ್ಕಿಂತ ಹೆಚ್ಚು ಅದರ ಬಾಯಲ್ಲಿ ಹೇಳಿಸುವ ಅಗತ್ಯ ಭೋಪಾಲದ ಪಕ್ಷಕ್ಕಿಲ್ಲ.

2025ರಲ್ಲಿ ಗೋದಾಮಿನಲ್ಲಿದ್ದ 337 ಟನ್ ತ್ಯಾಜ್ಯವನ್ನು ಪೀಥಂಪುರಕ್ಕೆ ಒಯ್ದು ಸುಟ್ಟ ಮೇಲೆ ಪ್ರಕರಣ ಮುಗಿಯಿತೆಂಬ ಮಾತು ಕೇಳುತ್ತಿದೆ. ಕಲುಷಿತ ಮಣ್ಣು 11 ಲಕ್ಷ ಟನ್ ಎಂದು ಅಂದಾಜಿಸಿದ್ದು ಅದೇ 2010ರ ನೀರಿ ವರದಿ. ಆ ಮಣ್ಣು ಅಲ್ಲೇ ಇದೆ, ಪ್ರತಿ ಮಳೆಗೂ ತೋಯುತ್ತಿದೆ. ಬೇರೆ ಬೇರೆ ಆಳಕ್ಕೆ ಇಳಿಸಿ ಸರಿಯಾಗಿ ಮುಚ್ಚಿದ ವೀಕ್ಷಣಾ ಬಾವಿಗಳಿಂದ, ಮಳೆಗೆ ಮುಂಚೆ ಮತ್ತು ನಂತರ, ವರ್ಷವರ್ಷವೂ ಮಾದರಿ ತೆಗೆಯಬೇಕು. ಯಾವುದನ್ನು ಹುಡುಕಿದೆವು, ಯಾವುದನ್ನು ಹುಡುಕಲಿಲ್ಲ ಎಂಬ ಪಟ್ಟಿಯೊಡನೆ ಫಲಿತಾಂಶ ಪ್ರಕಟವಾಗಬೇಕು. ಅಲ್ಲಿಯವರೆಗೆ 23 ವರ್ಷದ ಲೆಕ್ಕವನ್ನು ಯಾವ ಸರ್ಕಾರವೂ, ಯಾವ ವಿದ್ವಾಂಸನೂ ಕಾರ್ಖಾನೆಯ ಸುತ್ತಲಿನ ಬಡಾವಣೆಗಳ ಜನರ ಮುಂದೆ ಪುರಾವೆಯೆಂದು ಹಿಡಿಯಕೂಡದು.