ಪಪ್ಪಾಯಿ ಹಾಲಿನ ಎರಡು ಕಿಣ್ವಗಳು

ಪಪ್ಪಾಯಿ ಕಾಯಿಗೆ ಗೀರು ಹಾಕಿದರೆ ಒಸರುವ ಹಾಲಿನಲ್ಲಿ ಪ್ರೋಟೀನನ್ನು ತುಂಡರಿಸುವ ಹಲವು ಕಿಣ್ವಗಳಿವೆ. ಮಾಂಸ ಮೆದುವಾಗಲೆಂದು ಕಾಯಿ ಅರೆದು ಸವರುವಾಗ ಕೆಲಸಕ್ಕೆ ಬರುವ ಪಪೈನ್ ಅವುಗಳಲ್ಲಿ ಹೆಸರಾದದ್ದು. ಅದರದೇ ಕುಲದ ಇನ್ನೊಂದು ಗ್ಲೈಸಿಲ್ ಎಂಡೋಪೆಪ್ಟಿಡೇಸ್. ಪಪೈನ್ ಬಗೆಬಗೆಯ ಅಮೈನೋ ಆಮ್ಲಗಳ ಪಕ್ಕದಲ್ಲಿ ಕತ್ತರಿಸುತ್ತದೆ. ಗ್ಲೈಸಿಲ್ ಎಂಡೋಪೆಪ್ಟಿಡೇಸ್ ಕತ್ತರಿಸುವುದು ಗ್ಲೈಸೀನ್ ಪಕ್ಕದಲ್ಲಿ ಮಾತ್ರ. ಒಂದೇ ಗಿಡ, ಒಂದೇ ಕುಲ. ಹಾಗಿದ್ದೂ ಈ ಭೇದವೇಕೆ? ಉತ್ತರಕ್ಕಾಗಿ ಹಳೆಯ ಪ್ರಬಂಧಗಳ ಬೆನ್ನು ಹತ್ತಿದೆ.

ದಾರಿ 1967ಕ್ಕೆ ಕರೆದೊಯ್ಯಿತು. ಪಪೈನ್‌ನ ರೂಪ ಇನ್ನೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಷೆಕ್ಟರ್ ಮತ್ತು ಬರ್ಗರ್ ಅಲನೀನ್‌ನ ಪುಟ್ಟ ಸರಪಳಿಗಳನ್ನು ಕಟ್ಟಿ, ಅಲ್ಲಲ್ಲಿ ಒಂದು ಕೊಂಡಿಯನ್ನು ಅದರ ಕನ್ನಡಿರೂಪಕ್ಕೆ ಬದಲಿಸಿದರು. ಎಲ್ಲಿ ಬದಲಿಸಿದರೆ ಕತ್ತರಿಸುವ ವೇಗ ಕುಗ್ಗುತ್ತದೆಂದು ಅಳೆದು, ಕಿಣ್ವದ ಮೇಲೆ ಏಳು ಅಮೈನೋ ಆಮ್ಲಗಳಿಗೆ ಏಳು ತಾಣಗಳಿವೆ ಎಂದು ತೀರ್ಮಾನಿಸಿದರು. ಕಾಣದ ವಸ್ತುವಿನ ನಕ್ಷೆಯನ್ನು ಬರೀ ವೇಗದ ಅಳತೆಗಳಿಂದ ಬರೆದ ಆ ಪ್ರಬಂಧ ಇಂದಿಗೂ ಬೆರಗು ಹುಟ್ಟಿಸುತ್ತದೆ.

ಮರುವರ್ಷವೇ ನೆದರ್‌ಲ್ಯಾಂಡ್ಸಿನ ಗ್ರೋನಿಂಗನ್‌ನಲ್ಲಿ ಡ್ರೆಂಥ್ ತಂಡ ಕ್ಷಕಿರಣಗಳ ನೆರವಿನಿಂದ ಪಪೈನ್‌ನ ರಚನೆಯನ್ನು ಬಿಡಿಸಿಟ್ಟಿತು. ಎರಡು ಹೋಳು, ನಡುವೆ ಒಂದು ಕಮರಿ. ಕಮರಿಯ ಒಂದು ಗೋಡೆಯಲ್ಲಿ ಕತ್ತರಿಸುವ ಸಿಸ್ಟೀನ್, ಎದುರು ಗೋಡೆಯಲ್ಲಿ ಅದಕ್ಕೆ ನೆರವಾಗುವ ಹಿಸ್ಟಿಡೀನ್. ಪ್ರೋಟೀನಿನ ಸರಪಳಿ ಮಲಗುವುದು ಈ ಕಮರಿಯಲ್ಲೇ.

ನನ್ನ ಪ್ರಶ್ನೆಗೆ ನೇರ ಉತ್ತರ ಸಿಕ್ಕಿದ್ದು ಗ್ಲೈಸಿಲ್ ಎಂಡೋಪೆಪ್ಟಿಡೇಸ್‌ನ ರಚನೆಯನ್ನು ವಿವರಿಸುವ 1995ರ ಪ್ರಬಂಧದಲ್ಲಿ. ಕತ್ತರಿಸುವ ಜಾಗಕ್ಕೆ ತಾಗಿದ ತಾಣದಲ್ಲಿ, 23 ಮತ್ತು 65ನೆಯ ಸ್ಥಾನಗಳಲ್ಲಿ, ಪಪೈನ್‌ಗೆ ಇರುವುದು ಅತಿ ಚಿಕ್ಕ ಅಮೈನೋ ಆಮ್ಲವಾದ ಗ್ಲೈಸೀನ್. ಹಾಗಾಗಿ ಅಲ್ಲಿ ಜಾಗ ತೆರೆದಿದೆ. ಗ್ಲೈಸಿಲ್ ಎಂಡೋಪೆಪ್ಟಿಡೇಸ್‌ನಲ್ಲಿ ಅದೇ ಸ್ಥಾನಗಳಲ್ಲಿ ಗ್ಲುಟಮಿಕ್ ಆಮ್ಲ ಮತ್ತು ಆರ್ಜಿನೀನ್ ಕೂತಿವೆ. ಇವುಗಳ ಉದ್ದನೆಯ ಕೈಗಳು ತಾಣಕ್ಕೆ ಅಡ್ಡ ಚಾಚಿಕೊಂಡಿವೆ. ಪಾರ್ಶ್ವದಲ್ಲಿ ಬರೀ ಒಂದು ಹೈಡ್ರೋಜನ್ ಇರುವ ಗ್ಲೈಸೀನ್‌ಗಷ್ಟೇ ಅಲ್ಲಿ ಎಡೆ.

ಇನ್ನೂರಕ್ಕೂ ಹೆಚ್ಚು ಅಮೈನೋ ಆಮ್ಲಗಳ ಸರಪಳಿಯಲ್ಲಿ ಈ ಎರಡರ ವ್ಯತ್ಯಾಸವೇ ಕಿಣ್ವದ ಆಯ್ಕೆಯ ಭೇದಕ್ಕೆ ಮುಖ್ಯ ಕಾರಣ. ಎರಡೂ ಕಿಣ್ವಗಳ ರಚನೆಗಳು ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿ 9ಪಿಎಪಿ, 1ಜಿಇಸಿ ಎಂಬ ಗುರುತಿನಲ್ಲಿ ಎಲ್ಲರಿಗೂ ಉಚಿತವಾಗಿ ಸಿಗುತ್ತವೆ. ಜೀವಶಾಸ್ತ್ರದ ಅಧ್ಯಾಪಕರು ಒಮ್ಮೆ ಇವನ್ನು ತರಗತಿಯಲ್ಲಿ ಅಕ್ಕಪಕ್ಕ ಇಟ್ಟು ತೋರಿಸಲಿ.