ಡೊಳ್ಳಿನ ಗೌರವ, ಹಲಗೆಯ ಹೊರೆ

ಡೊಳ್ಳಿನ ಅಭಿಮಾನಿಗಳು ನಾಲ್ವರು ಒಂದೆಡೆ ಕಲೆತರೆ ಮಾತು ಮೊದಲು ತಿರುಗುವುದು ಆ ವಾದ್ಯದ ಪ್ರಾಚೀನತೆಯ ಕಡೆಗೆ. ಯಾವ ಊರಿನ ಮೇಳದ ಗತ್ತು ಮಿಗಿಲು, ಯಾವ ಮರದ ಒಡಲಿನಲ್ಲಿ ನಾದ ತುಂಬಿ ಬರುತ್ತದೆ, ಕುರುಬರ ದೇವರಾದ ಬೀರಪ್ಪನ ಗುಡಿಯ ಮುಂದಿನ ಹಳೆಯ ಹೆಜ್ಜೆಗಳಲ್ಲಿ ಉಳಿದವೆಷ್ಟು, ವೇದಿಕೆಗಾಗಿ ಈಚೆಗೆ ಕೂಡಿಸಿದವೆಷ್ಟು ಎಂಬ ಚರ್ಚೆ ಹೊತ್ತು ಮುಳುಗಿದರೂ ಮುಗಿಯುವುದಿಲ್ಲ. ಆದರೆ ಅದೇ ಜಾತ್ರೆಯಲ್ಲಿ, ಅದೇ ದೇವರ ಮೆರವಣಿಗೆಯ ಮುಂದೆ ಹಲಗೆ ಬಾರಿಸುವವನ ಪ್ರಸ್ತಾಪ ಬಂದೊಡನೆ ಗೋಷ್ಠಿಯ ದನಿ ತಗ್ಗುತ್ತದೆ. ಅವನು ಬಾರಿಸಲೊಲ್ಲೆನೆಂದ ದಿನ ಊರು ಅವನ ಕೇರಿಯನ್ನು ಹೇಗೆ ನಡೆಸಿಕೊಂಡಿತೆಂಬುದನ್ನು ಕೇಳುವವರೂ ವಿರಳ, ಹೇಳುವವರೂ ವಿರಳ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಸೀಮೆಯ ಚರ್ಮವಾದ್ಯಗಳ ವೃತ್ತಾಂತವನ್ನು ಬರೆಯಹೊರಟವನು ಈ ಎರಡು ಸಂಗತಿಗಳನ್ನೂ ಒಟ್ಟಿಗೆ ಇಟ್ಟು ನೋಡದಿದ್ದರೆ, ವಾದ್ಯದ ಚರಿತ್ರೆಯನ್ನು ಬರೆದು ವಾದಕನ ಚರಿತ್ರೆಯನ್ನು ಬಿಟ್ಟಂತಾಗುತ್ತದೆ.

ಈ ನಾಲ್ಕು ತಾಲ್ಲೂಕುಗಳು ಇಂದು ದಾವಣಗೆರೆ ಜಿಲ್ಲೆಗೆ ಸೇರಿವೆಯಾದರೂ ಒಂದೇ ನಾಡಿನ ಮಕ್ಕಳಲ್ಲ. 1997ರಲ್ಲಿ ಹೊಸ ಜಿಲ್ಲೆ ರಚಿತವಾದಾಗ ಚನ್ನಗಿರಿ ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದವು. ನ್ಯಾಮತಿಯಾದರೋ ಅನಂತರದಲ್ಲಿ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾಯಿತು. ಸೂಳೆಕೆರೆಯ ನೀರುಂಡು ಬೆಳೆದ ಭತ್ತದ ಗದ್ದೆಗಳೂ ಅಡಿಕೆಯ ತೋಟಗಳೂ ಒಂದು ಕಡೆ, ಮೋಡವನ್ನು ನೋಡುತ್ತಲೇ ವರ್ಷ ಕಳೆಯುವ ಜಗಳೂರಿನ ಬಯಲು ಇನ್ನೊಂದು ಕಡೆ. ಈ ಭೇದ ವಾದ್ಯಗಳಲ್ಲಿಯೂ ಕಾಣುತ್ತದೆ.

ಡೊಳ್ಳು ಹಾಲುಮತದ ಕುರುಬರ ಸಂಪತ್ತು. ಡೊಳ್ಳಾಸುರನೆಂಬ ರಾಕ್ಷಸನು ಶಿವನನ್ನು ಮೆಚ್ಚಿಸಿ, ಆತನನ್ನೇ ತನ್ನ ಉದರದಲ್ಲಿ ನೆಲೆಗೊಳಿಸಿಕೊಳ್ಳುವ ವರವನ್ನು ಪಡೆದನೆಂದೂ, ದೇವತೆಗಳ ಮೊರೆಗೆ ಓಗೊಟ್ಟ ಶಿವನು ಒಳಗಿನಿಂದಲೇ ಬೆಳೆದು ಅವನನ್ನು ಸೀಳಿ ಹೊರಬಂದು, ಅವನ ಚರ್ಮದಿಂದ ವಾದ್ಯವನ್ನು ಮಾಡಿ ತನ್ನ ಭಕ್ತರಾದ ಹಾಲುಮತದವರಿಗೆ ಕೊಟ್ಟನೆಂದೂ ಐತಿಹ್ಯ. ಈ ಕಥೆಯನ್ನು ನಾನು ಪುರಾಣವೆಂದಷ್ಟೇ ಗಣಿಸಿ ಮುಂದೆ ಸಾಗಲಾರೆ. ಸತ್ತ ಪ್ರಾಣಿಯ ತೊಗಲು ಪೂಜ್ಯವಾಗಬೇಕಾದರೆ ಅದಕ್ಕೊಂದು ದೈವೀ ಮೂಲ ಬೇಕಾಯಿತು. ಆ ಮೂಲ ಡೊಳ್ಳಿಗೆ ದೊರೆಯಿತು, ಡೊಳ್ಳಿನವನಿಗೂ ಅದರಿಂದ ಮರ್ಯಾದೆ ಬಂದಿತು. ಮರದ ದಿಮ್ಮಿಯನ್ನು ಒಳಗಿನಿಂದ ಕೊರೆದು, ಎರಡು ಬಾಯಿಗಳಿಗೂ ಹದಗೊಳಿಸಿದ ಚರ್ಮವನ್ನು ಹೊದಿಸಿ, ಹಗ್ಗದಿಂದ ಬಿಗಿದು, ಹೆಗಲಿಗೆ ಹಾಕಿ ಸೊಂಟಕ್ಕೆ ಕಟ್ಟಿದ ಆ ಭಾರವನ್ನು ಹೊತ್ತೇ ಕುಣಿಯಬೇಕು, ಬಗ್ಗಬೇಕು, ನೆಗೆಯಬೇಕು; ಬಲಗೈಯ ಕೋಲು ಘಾತವನ್ನು ಕೊಟ್ಟರೆ ಎಡಗೈಯ ಅಂಗೈ ಅದಕ್ಕೆ ಉತ್ತರವನ್ನು ಕೊಡಬೇಕು. ತಾಳದವರ ಸುತ್ತ ಹತ್ತು ಹನ್ನೆರಡು ಮಂದಿ ವರ್ತುಲವಾಗಿ ನಿಂತು ನಿಧಾನಗತಿಯಿಂದ ತೊಡಗಿ, ಒಬ್ಬೊಬ್ಬರ ಪೆಟ್ಟೂ ಬೇರೆಯಾಗಿ ಕೇಳದಂತೆ ಏಕನಾದವಾಗಿ ವೇಗವನ್ನೇರಿಸುವಾಗ ಎದುರಿಗೆ ನಿಂತವನ ಎದೆಗೂಡೇ ಅನುರಣಿಸುತ್ತದೆ. ಇಂಥ ಸಾಮೂಹಿಕ ಲಯಸಾಧನೆಯನ್ನು ವಿದೇಶಗಳ ಸೈನಿಕ ವಾದ್ಯವೃಂದಗಳಲ್ಲಿ ಕಂಡು ಕೊಂಡಾಡುವವರು ನಮ್ಮ ಬೀರಪ್ಪನ ಗುಡಿಯಂಗಳದಲ್ಲಿಯೂ ಒಮ್ಮೆ ನಿಂತು ನೋಡಬೇಕು. ಈಚಿನ ದಶಕಗಳಲ್ಲಿ ಹೆಣ್ಣುಮಕ್ಕಳ ಮೇಳಗಳೂ ಎದ್ದು ನಿಂತಿರುವುದು ನನಗೆ ಪರಮ ಸಂತೋಷದ ಸಂಗತಿ. ಆ ಭಾರವನ್ನು ಹೆಂಗಸರು ಹೊರಲಾರರೆಂಬ ಮಾತು ಅವರ ಮೊದಲ ಸುತ್ತಿನಲ್ಲಿಯೇ ಅಡಗಿತು.

ಉಳಿದ ವಾದ್ಯಗಳೂ ಉಂಟು. ವೀರಗಾಸೆ ನಂದಿಕೋಲುಗಳೊಡನೆ ಸಮಾಳ ಬರುತ್ತದೆ. ಸಂತ ಸೇವಾಲಾಲರ ಜನ್ಮಸ್ಥಳವೆಂದು ಪ್ರಸಿದ್ಧವಾದ, ಈಗ ನ್ಯಾಮತಿ ತಾಲ್ಲೂಕಿಗೆ ಸೇರಿದ ಸೂರಗೊಂಡನಕೊಪ್ಪದಲ್ಲಿ ಪ್ರತಿ ಫೆಬ್ರವರಿಯಲ್ಲಿ ಬಂಜಾರರು ನೆರೆದಾಗ ಅವರ ನಂಗಾರ ಮೊಳಗುತ್ತದೆ. ಜಗಳೂರಿನಿಂದ ಚಿತ್ರದುರ್ಗದ ಕಡೆಗೆ ಹರಡಿದ ಮ್ಯಾಸಬೇಡರ ಸೀಮೆಯಲ್ಲಿ, ದೇವರ ಎತ್ತುಗಳು ನಡೆವಲ್ಲಿ, ಬಾಗಿದ ಕಡ್ಡಿಯಿಂದ ಚರ್ಮವನ್ನು ಉಜ್ಜಿ ನರಳಿಕೆಯಂಥ ನಾದವನ್ನು ತೆಗೆಯುವ ಉರುಮೆ ಕೇಳಿಬರುತ್ತದೆ.

ಇನ್ನು ಹಲಗೆ. ಕೆಲವೆಡೆ ಇದೇ ತಮಟೆ. ಒಂದು ಬಳೆ, ಅದರ ಮೇಲೆ ಬಿಗಿದ ತೊಗಲು, ಎರಡು ಕಡ್ಡಿ, ಇಷ್ಟೇ ಅದರ ಸಾಮಗ್ರಿ. ಬಾರಿಸುವ ಮುನ್ನ ಹುಲ್ಲೋ ಸೋಗೆಯೋ ಉರಿಸಿ ಅದನ್ನು ಕಾಯಿಸಿ, ಬೆರಳಿನಿಂದ ತಟ್ಟಿ ಶ್ರುತಿ ನೋಡುವ ವಾದಕನ ಕಿವಿಗಿಂತ ಸೂಕ್ಷ್ಮವಾದ ಕಿವಿಯನ್ನು ಸಭಾಗೃಹಗಳಲ್ಲಿಯೂ ಹುಡುಕಬೇಕು. ಮಾರಿಹಬ್ಬವೇ ಆಗಲಿ, ಹೆಣದ ಮೆರವಣಿಗೆಯೇ ಆಗಲಿ, ಕಂದಾಯದ ಡಂಗುರವೇ ಆಗಲಿ, ಈ ನಾದವಿಲ್ಲದೆ ಊರಿನ ಒಂದು ಕಾರ್ಯವೂ ನಡೆಯುತ್ತಿರಲಿಲ್ಲ. ಆದರೂ ಬಾರಿಸುವವನು ಗುಡಿಯ ಮೆಟ್ಟಿಲನ್ನು ಹತ್ತುವಂತಿರಲಿಲ್ಲ. ಬಾರಿಸುವುದು ಅವನ ಇಚ್ಛೆಯೂ ಆಗಿರಲಿಲ್ಲ. ಹುಟ್ಟಿನೊಡನೆ ಬಂದ ಹೊಣೆಯೆಂದು, ಸುಗ್ಗಿಯ ಕಣದಲ್ಲಿ ಕೊಡುವ ಆಯದ ಕಾಳಿಗೂ ತುಂಡು ಇನಾಂ ನೆಲಕ್ಕೂ ಬದಲಾಗಿ, ತಂದೆಯಿಂದ ಮಗನಿಗೆ ಈ ಚಾಕರಿ ಇಳಿದುಬರುತ್ತಿತ್ತು. ಮುಂಬಯಿ ಪ್ರಾಂತದಲ್ಲಿ ಮಹಾರರ ವತನವೆಂಬ ಇಂಥದೇ ಬಂಧನವನ್ನು ಬಿಡಿಸಲು ಡಾ. ಅಂಬೇಡ್ಕರರು 1928ರಲ್ಲಿಯೇ ಶಾಸನಸಭೆಯ ಮುಂದೆ ಮಸೂದೆಯನ್ನಿಟ್ಟರು. ನಮ್ಮಲ್ಲಿ ವಂಶಪಾರಂಪರ್ಯದ ಗ್ರಾಮಾಧಿಕಾರಗಳು ರದ್ದಾದುದು 1961ರ ಕಾನೂನಿನಿಂದ. ಕಾಗದದ ಮೇಲೆ ಆಯಗಾರಿಕೆ ಹೋಯಿತು. ಜಾತ್ರೆಯ ಹಿಂದಿನ ದಿನ ಕೇರಿಗೆ ಹೇಳಿಕಳುಹಿಸುವ ಪದ್ಧತಿ ಹೋಗಲಿಲ್ಲ.

ಇದೆಲ್ಲ ನಮ್ಮ ಸಂಪ್ರದಾಯದ ಒಮ್ಮತದ ದನಿಯೆಂದು ಭಾವಿಸುವುದು ತಪ್ಪು. ಹನ್ನೆರಡನೆಯ ಶತಮಾನದ ಶರಣರ ಸಾಲಿನಲ್ಲಿ ಢಕ್ಕೆಯ ಬೊಮ್ಮಣ್ಣನೆಂಬ ವಚನಕಾರನಿದ್ದಾನೆ. ಮಾರಿಯನ್ನು ಹೊತ್ತು ಢಕ್ಕೆ ಬಾರಿಸುವುದು ಅವನ ಕಾಯಕ, ಕಾಲಾಂತಕ ಭೀಮೇಶ್ವರಲಿಂಗ ಅವನ ಅಂಕಿತ. ಬಾರಿಸುವ ಕೈಯೇ ಅಲ್ಲಿ ಬರೆಯುವ ಕೈಯಾಯಿತು, ಅನುಭವಿಗಳ ನಡುವೆ ಸಮಾನನ ಸ್ಥಾನವನ್ನು ಪಡೆಯಿತು. ಎಂಟುನೂರು ವರ್ಷಗಳ ಬಳಿಕ ಆ ಸಮಾನತೆಯ ಮಾತನ್ನು ಈ ಸೀಮೆಯ ಮಗ್ಗುಲಲ್ಲಿಯೇ ಮತ್ತೆ ಎತ್ತಿದವರು ಹರಿಹರದಲ್ಲಿ 1938ರಲ್ಲಿ ಜನಿಸಿದ ಪ್ರೊ. ಬಿ. ಕೃಷ್ಣಪ್ಪನವರು. ಚನ್ನಗಿರಿಯ ನೆರೆಯ ಭದ್ರಾವತಿಯಲ್ಲಿ ಕನ್ನಡ ಅಧ್ಯಾಪಕರಾಗಿದ್ದು ಅವರು 1970ರ ದಶಕದಲ್ಲಿ ಕಟ್ಟಿದ ದಲಿತ ಸಂಘರ್ಷ ಸಮಿತಿ ಹಳ್ಳಿಹಳ್ಳಿಗೆ ಹಬ್ಬಿದಾಗ ಅದರ ಜಾಥಾಗಳ ಮುಂದೆ ಮೊಳಗಿದುದು ಇದೇ ಹಲಗೆ. ಕವಿ ಸಿದ್ಧಲಿಂಗಯ್ಯನವರ ಹಾಡುಗಳು ಅದರ ಪೆಟ್ಟಿಗೆ ಹೊಂದಿಕೊಂಡವು. ಒಡೆಯನ ಅಪ್ಪಣೆಗೆ ಬಾರಿಸುತ್ತಿದ್ದ ವಾದ್ಯ ತನ್ನವರನ್ನು ಕರೆಯಲು ಬಾರಿಸುವ ವಾದ್ಯವಾದುದು, ನನ್ನ ದೃಷ್ಟಿಯಲ್ಲಿ, ಕನ್ನಡನಾಡಿನ ವಾದ್ಯಚರಿತ್ರೆಯಲ್ಲೇ ಅತ್ಯಂತ ಮಹತ್ತ್ವದ ಘಟನೆ.

ಇಲ್ಲಿಂದಲೇ ಕಲಹವೂ ಮೊದಲಾಯಿತು. ಓದಿದ ತರುಣರು ಊರ ಹಬ್ಬಕ್ಕೆ ಹಲಗೆ ಬಾರಿಸುವುದಿಲ್ಲವೆಂದರು. ಹಾಗೆ ಹೇಳಿದ ಕೇರಿಗಳಿಗೆ ಅಂಗಡಿಯಲ್ಲಿ ಸಾಮಾನು ಕೊಡದೆ, ಹೋಟೆಲಿನಲ್ಲಿ ಚಹಾ ಕೊಡದೆ, ಹೊಲದಲ್ಲಿ ಕೂಲಿ ಕೊಡದೆ ಬಹಿಷ್ಕಾರ ಹಾಕಿದ ವರದಿಗಳು ಕರ್ನಾಟಕದ ಹಲವು ಜಿಲ್ಲೆಗಳಿಂದ ಮತ್ತೆ ಮತ್ತೆ ಬಂದಿವೆ. ಸಂವಿಧಾನದ 23ನೆಯ ವಿಧಿ ಬಿಟ್ಟಿ ಚಾಕರಿಯನ್ನು ನಿಷೇಧಿಸಿದೆ. 1989ರ ದೌರ್ಜನ್ಯ ತಡೆ ಕಾಯಿದೆಗೆ 2015ರಲ್ಲಿ ಆದ ತಿದ್ದುಪಡಿ ಸಾಮಾಜಿಕ ಬಹಿಷ್ಕಾರವನ್ನೇ ಸ್ಪಷ್ಟವಾಗಿ ಅಪರಾಧವೆಂದು ಸಾರಿದೆ. ಜಗಳೂರಿಗೆ ದೂರವಲ್ಲದ ಉಚ್ಚಂಗಿದುರ್ಗದಲ್ಲಿ ಭರತ ಹುಣ್ಣಿಮೆಯ ಚೌಡಿಕೆಯ ನಾದದ ನಡುವೆ ಬಡ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿಸುತ್ತಿದ್ದ ಪದ್ಧತಿಯನ್ನು ತಡೆಯಲು 1982ರ ಕಾಯಿದೆ ಹೇಗೆ ಬೇಕಾಯಿತೋ, ಹಾಗೆಯೇ ಇಲ್ಲಿಯೂ ಕಾನೂನೇ ಮುಂದಾಗಬೇಕಾಯಿತು. ದೇವರ ಹೆಸರನ್ನು ಹೇಳಿ ಹುಟ್ಟಿನ ಮೇಲೆ ಹೊರಿಸಿದ ಹೊರೆಗಳಲ್ಲವೇ ಇವೆರಡೂ!

ಹಲಗೆಯನ್ನು ಒಲಿದವರೊಳಗೇ ಎರಡು ಮತಗಳಿವೆ. ಅವಮಾನದ ಕುರುಹಾದ ಅದನ್ನು ಕೈಯಿಂದಲೇ ಬಿಡಬೇಕೆಂಬುದು ಒಂದು. ಹಿರಿಯರ ವಿದ್ಯೆ ನಮ್ಮ ತಲೆಮಾರಿಗೆ ಅಳಿಯಬಾರದೆಂಬುದು ಇನ್ನೊಂದು. ಬಿಡುವವರನ್ನು ಕಲಾದ್ರೋಹಿಗಳೆಂದು ಹಳಿಯುವ ಅಧಿಕಾರ ಆ ಹೊರೆಯನ್ನು ಎಂದೂ ಹೊರದ ನಮ್ಮಂಥವರಿಗಿಲ್ಲ. ಬಾರಿಸುವವನಿಗೆ ಬಾರಿಸಲೊಲ್ಲೆನೆನ್ನುವ ಸ್ವಾತಂತ್ರ್ಯವಿರಬೇಕು, ಬಂದರೆ ಕೈತುಂಬ ಸಂಭಾವನೆಯಿರಬೇಕು, ಗುಡಿಯ ಒಳಗೂ ಪಂಕ್ತಿಯಲ್ಲಿಯೂ ಸಮಸ್ಥಾನವಿರಬೇಕು, ಯಾವ ಜಾತಿಯ ಹುಡುಗನಾದರೂ ಹುಡುಗಿಯಾದರೂ ಅವನ ಬಳಿ ಶಿಷ್ಯರಾಗಿ ಕುಳಿತು ಕಲಿಯುವಂತಿರಬೇಕು. ಡೊಳ್ಳಿಗೆ ಸಂದುದಕ್ಕಿಂತ ಒಂದಿಷ್ಟೂ ಹೆಚ್ಚಿನದೇನನ್ನೂ ಹಲಗೆ ಕೇಳುತ್ತಿಲ್ಲ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರು ತಮಟೆಯ ವಿದ್ವತ್ತಿಗಾಗಿ ಪದ್ಮಶ್ರೀ ಪುರಸ್ಕೃತರಾದರು. ಆ ಗೌರವ ನಮ್ಮ ನಾಲ್ಕು ತಾಲ್ಲೂಕುಗಳ ಹಳ್ಳಿಹಳ್ಳಿಗೂ ಬಂದು ಮುಟ್ಟಬೇಕಾದರೆ, ಮುಂದಿನ ಜಾತ್ರೆಗೆ ಹಲಗೆಯವರನ್ನು ಗೊತ್ತುಮಾಡುವ ದಿನ ಊರಿನ ಹಿರಿಯರು ಕೇರಿಗೆ ತಾವೇ ನಡೆದು ಹೋಗಿ, ವೀಳ್ಯ ಕೊಟ್ಟು, ಬರುವಿರೋ ಇಲ್ಲವೋ ಎಂದು ಕೇಳಬೇಕು. ಇಲ್ಲವೆಂಬ ಉತ್ತರ ಬಂದರೆ ಅದನ್ನು ಮನ್ನಿಸಿ ಹಿಂದಿರುಗಬೇಕು.